ನಾಯಿಗೆ ಅಂಚೆಚೀಟಿ, ಬೇಟೆಗಾರನಿಗೆ ಕೇಸು

ನಮ್ಮೂರ ಹೆಸರು ಗೂಗಲ್. ನಗಬೇಡಿ. ಅಮೆರಿಕದ ಆ ಕಂಪನಿ ಹುಟ್ಟಿದ್ದು 1998ರಲ್ಲಿ. ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನಲ್ಲಿ, ಕೃಷ್ಣಾ ನದಿ ದಂಡೆ ಮೇಲಿರುವ ನಮ್ಮೂರು ಅದಕ್ಕಿಂತ ಎಷ್ಟೋ ಮೊದಲಿನದು. ಬೆಂಗಳೂರಿನಲ್ಲಿ ಯಾರಾದರೂ "ಯಾವೂರು ನಿಮ್ದು?" ಅಂತ ಕೇಳಿದಾಗ ಉತ್ತರ ಹೇಳಿ, ಅವರು ನಕ್ಕು ಮುಗಿಸೋವರೆಗೆ ಕಾಯೋದು ನನಗೆ ರೂಢಿಯಾಗಿದೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಬಿಸಿಲಿಗೆ ಹೊರಗೆ ಕಾಲಿಡೋ ಹಾಗಿರಲಿಲ್ಲ. ಪಡಸಾಲೆಯಲ್ಲಿ ಮಲಗಿ ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡ್ತಿದ್ದೆ. ಸ್ಕಾಟ್ಲೆಂಡಿನ ಬೋಳು ಗುಡ್ಡ, ಮೊಣಕಾಲೆತ್ತರದ ಕುರುಚಲು ಗಿಡ, ಅದರ ನಡುವೆ ಎರಡು ನಾಯಿ ಎಡಕ್ಕೂ ಬಲಕ್ಕೂ ಓಡ್ತಿದ್ದವು. ಪಕ್ಕದಲ್ಲಿ ಕೂತಿದ್ದ ಮುತ್ಯಾ ಇಣುಕಿ ನೋಡಿದ. ಎಂಬತ್ತು ದಾಟಿದ ಮುದುಕ, ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲ. ಎರಡು ನಿಮಿಷ ಸುಮ್ಮನೆ ನೋಡಿ ಹೇಳಿದ: "ಗಾಳಿಗೆ ಮಾರಿ ಮಾಡಿ ಬಿಟ್ಟಾರ ನೋಡು. ಹುಷಾರ್ ಮಂದಿ."

ಇನ್ನೊಂದು ನಿಮಿಷಕ್ಕೆ ಒಂದು ನಾಯಿಯ ಓಟ ಸ್ವಲ್ಪ ನಿಧಾನವಾಯ್ತು. ಮುತ್ಯಾ ಬೆರಳು ತೋರಿಸಿ "ಐತಿ, ಅಲ್ಲೇ ಐತಿ" ಅಂದ. ನಾಯಿ ಕಲ್ಲಿನಂತೆ ನಿಂತಿತು. ಆಮೇಲೆ ವಿಡಿಯೋದಲ್ಲಿ ಮಾತಾಡ್ತಿದ್ದವನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ.

ಈ ಲೇಖನ ಶುರುವಾಗಿದ್ದು ಅಲ್ಲಿಂದ. ನನಗೆ ಪುಸ್ತಕ ಓದಿ, ಹತ್ತು ವಿಡಿಯೋ ನೋಡಿ ಅರ್ಥವಾದದ್ದು ಅವನಿಗೆ ಒಂದೇ ನೋಟಕ್ಕೆ ಗೊತ್ತಾಯ್ತು. ಆದರೆ ಆ ಗುಡ್ಡದಲ್ಲಿ ಅದು ಕ್ರೀಡೆ. ನಮ್ಮೂರ ಗುಡ್ಡದಲ್ಲಿ ಅದೇ ಅರಿವಿಗೆ ಇರುವ ಹೆಸರು ಒಂದೇ: ಅಪರಾಧ.

ಅಲ್ಲಿ ನಡೆಯೋದು ಏನು?

ಆ ಸ್ಪರ್ಧೆಗೆ ಫೀಲ್ಡ್ ಟ್ರಯಲ್ ಅಂತಾರೆ. ಬೇಟೆ ನಾಯಿಯ ಕೆಲಸವನ್ನು ಬಯಲಿನಲ್ಲೇ ಪರೀಕ್ಷೆ ಮಾಡೋದು. ದಾಖಲಾಗಿರುವ ಮೊದಲ ಸ್ಪರ್ಧೆ ನಡೆದದ್ದು 1865ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಸೌಥಿಲ್‌ನಲ್ಲಿ. ಭಾಗವಹಿಸೋದು ಪಾಯಿಂಟರ್ ಮತ್ತು ಸೆಟ್ಟರ್ ಜಾತಿಯ ನಾಯಿಗಳು. ಇವು ಮೂಗಿನ ನಾಯಿಗಳು. ನೆಲದಲ್ಲಿ ಅಡಗಿ ಕೂತ ಹಕ್ಕಿಯ ವಾಸನೆ ಗಾಳಿಯಲ್ಲಿ ಬಂದ ಕೂಡಲೇ ಹಿಡಿಯುತ್ತವೆ. ಆದರೆ ಮೇಲೆ ಎರಗೋದಿಲ್ಲ. ಮುಂಗಾಲೊಂದನ್ನು ಎತ್ತಿ, ಮೂಗು ಹಕ್ಕಿಯ ಕಡೆ ಮಾಡಿ, ಬಾಲ ನೆಟ್ಟಗೆ ಮಾಡಿ ನಿಂತುಬಿಡುತ್ತವೆ. "ಇಲ್ಲಿದೆ" ಅಂತ ತೋರಿಸೋದೇ ಅವುಗಳ ಕೆಲಸ. ಅದಕ್ಕೇ ಪಾಯಿಂಟರ್ ಅಂತ ಹೆಸರು.

ಅವು ಹುಡುಕೋದು ಗ್ರೌಸ್ ಅನ್ನೋ ಹಕ್ಕಿಯನ್ನು. ನಮ್ಮ ಕೌಜುಗದ ಹಾಗೆ ನೆಲದ ಮೇಲೇ ಬದುಕುವ, ಹತ್ತಿರ ಹೋಗೋವರೆಗೂ ಗಿಡದಡಿ ಕೂತಿದ್ದು ಆಮೇಲೆ ಭರ್ರನೆ ಹಾರುವ ಹಕ್ಕಿ. ಅಲ್ಲಿ ಹೆದರ್ ಅನ್ನೋ ಕುರುಚಲು ಗಿಡ ಬೆಳೆದ ಗುಡ್ಡಗಳೇ ಇದರ ಮನೆ.

ನಿಯಮ ಹೀಗಿದೆ. ಚೀಟಿ ಎತ್ತಿ ನಾಯಿಗಳನ್ನು ಜೋಡಿ ಮಾಡ್ತಾರೆ. ಇಬ್ಬರು ನಾಯಿ ಪಳಗಿಸಿದವರು ನಡುವೆ ನಡೀತಾರೆ, ಜೊತೆಗೆ ತೀರ್ಪುಗಾರರು. ನಾಯಿಗಳು ಗಾಳಿಗೆ ಎದುರಾಗಿ, ಹೊಲಕ್ಕೆ ಕುಂಟೆ ಹೊಡೆದಂತೆ, ಈ ಅಂಚಿನಿಂದ ಆ ಅಂಚಿಗೆ ಓಡುತ್ತಾ ಮುಂದೆ ಸಾಗಬೇಕು. ಒಂದು ತುಂಡು ನೆಲವೂ ಬಿಡಬಾರದು. ತನ್ನ ಪಾಲಿನ ನೆಲದಲ್ಲಿ ಹಕ್ಕಿ ಇದ್ದೂ ಗೊತ್ತಾಗದೆ ಮುಂದೆ ಹೋದರೆ ಆ ನಾಯಿ ಹೊರಗೆ. ಒಂದು ನಾಯಿ ಹಕ್ಕಿ ತೋರಿಸಿ ನಿಂತರೆ ಜೊತೆಯ ನಾಯಿ ಅದನ್ನು ಗೌರವಿಸಿ ದೂರದಲ್ಲೇ ನಿಲ್ಲಬೇಕು. ಸಿಕ್ಕಿದ್ದನ್ನು ಕಿತ್ಕೊಳ್ಳೋಕೆ ಹೋಗೋ ಹಾಗಿಲ್ಲ. ಒಡೆಯ ಹೇಳಿದ ಮೇಲೆ ನಾಯಿ ಹೆಜ್ಜೆ ಮುಂದಿಡುತ್ತೆ, ಹಕ್ಕಿ ಹಾರುತ್ತೆ, ಬರೀ ಸದ್ದು ಮಾಡುವ ಗುಂಡು ಹಾರಿಸ್ತಾರೆ. ಆ ಸದ್ದಿಗೂ, ಹಾರಿದ ಹಕ್ಕಿಗೂ ನಾಯಿ ಕದಲಬಾರದು. ಬೆನ್ನಟ್ಟಿದರೆ ಸೋತಂತೆ.

ಗಮನಿಸಿ. ಅಲ್ಲಿ ಗ್ರೌಸ್ ಬೇಟೆಯ ಕಾಲ ಶುರುವಾಗೋದು ಆಗಸ್ಟ್ 12ಕ್ಕೆ. ಜುಲೈ ತಿಂಗಳಲ್ಲಿ ನಡೆಯುವ ಸ್ಪರ್ಧೆಗಳಲ್ಲಿ ಒಂದು ಹಕ್ಕಿಯೂ ಸಾಯೋದಿಲ್ಲ. ಯಾವ ನಾಯಿಯೂ ಸರಿಯಿಲ್ಲ ಅನ್ನಿಸಿದರೆ ತೀರ್ಪುಗಾರರು ಬಹುಮಾನವನ್ನೇ ಕೊಡದೆ ಕಳಿಸಬಹುದು.

"ಇದ್ಯಾಕ ಓಡವಲ್ದು?"

ವಿಡಿಯೋದಲ್ಲಿ ಒಂದು ಕಡೆ ನಾಯಿಯ ಮುಂದೆಯೇ ಮೊಲ ಎದ್ದು ಓಡಿತು. ನಾಯಿ ತಟ್ಟನೆ ಕೂತುಬಿಟ್ಟಿತು. ಮುತ್ಯಾಗೆ ನಂಬೋಕೇ ಆಗಲಿಲ್ಲ.

"ಇದ್ಯಾಕ ಓಡವಲ್ದು? ನಾಯಿಗೇನು ಜಡ್ಡೇನು?"

"ಓಡಿದ್ರ ಸೋತಂಗ, ಮುತ್ಯಾ. ಬರೇ ತೋರಿಸ್ಬೇಕು, ಹಿಡೀಬಾರದು."

ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದ: "ಹಂಗಾರ ಇದು ನಾಯಿ ಪರೀಕ್ಷೆ ಅಲ್ಲ ತಮ್ಮಾ. ಮನಷ್ಯಾ ಎಷ್ಟು ಕಲಿಸ್ಯಾನ ಅನ್ನೋ ಪರೀಕ್ಷೆ."

ಮುತ್ಯಾನ ಬೆರಗಿಗೆ ಕಾರಣ ಇದೆ. ನಮ್ಮ ಕಡೆಯ ಬ್ಯಾಟಿ ನಾಯಿ ಮೂಗಿನ ನಾಯಿ ಅಲ್ಲ, ಕಣ್ಣಿನ ನಾಯಿ. ಉದ್ದ ಕಾಲು, ಸಣ್ಣ ನಡು, ಆಳವಾದ ಎದೆ, ಚೂಪು ಮುಖ. ಮೊಲ ಕಣ್ಣಿಗೆ ಬಿದ್ದ ಕೂಡಲೇ ಬಿಟ್ಟ ಬಾಣ. ಮರಗಿಡ ಕಡಿಮೆ ಇರುವ ನಮ್ಮ ಎರಿ ಹೊಲ, ಮಸಾರಿ ಬಯಲಿಗೆ ಅಂಥ ನಾಯಿಯೇ ಬೇಕು. ದೂರದವರೆಗೆ ಕಾಣುತ್ತೆ, ದೂರದವರೆಗೆ ಓಡಬಹುದು. ಹುಡುಕಿ ಎಬ್ಬಿಸೋದು ಮನುಷ್ಯರ ಕೆಲಸ. ಸಾಲಾಗಿ ನಿಂತು, ಗಾಳಿ ನೋಡಿ, ಹೆಜ್ಜೆ ಗುರುತು ನೋಡಿ, ಮೊಲ ಯಾವ ಪೊದೆಯ ಯಾವ ಮಗ್ಗುಲಲ್ಲಿ ಮಲಗಿದೆ ಅಂತ ಅಂದಾಜು ಮಾಡೋದು. ಅಂದರೆ ಅಲ್ಲಿ ಪಾಯಿಂಟರ್ ಮಾಡುವ ಕೆಲಸವನ್ನು ಇಲ್ಲಿ ನಮ್ಮ ಮುತ್ಯಾ ಮಾಡ್ತಿದ್ದ. ನಾಯಿಯ ಕೆಲಸ ಆಮೇಲಿನದು.

ಈ ಕಣ್ಣಿನ ನಾಯಿಗಳಲ್ಲಿ ನಿಮಗೆಲ್ಲ ಗೊತ್ತಿರೋದು ಮುಧೋಳ ನಾಯಿ.

ಹೆಸರು ಯಾರದ್ದು?

ಮುಧೋಳ ನಾಯಿಯ ಬಗ್ಗೆ ಎಲ್ಲ ಕಡೆ ಹೇಳುವ ಕಥೆ ಒಂದೇ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ, ಬೇಟೆಯಿಂದ ಬದುಕುವ ಸ್ಥಳೀಯ ಜನರ ಹತ್ತಿರ ಈ ನಾಯಿಗಳನ್ನು ಕಂಡರು, ಮೆಚ್ಚಿದರು, ಆರಿಸಿ ಸಾಕಿ ತಳಿ ಬೆಳೆಸಿದರು, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಉಡುಗೊರೆ ಕೊಟ್ಟರು. ಅಲ್ಲಿಂದ ಅದಕ್ಕೆ ಮುಧೋಳ ಅನ್ನೋ ಹೆಸರು.

ಈ ಕಥೆಯಲ್ಲಿ ರಾಜನಿಗೆ ಹೆಸರಿದೆ. ದೊರೆಗೆ ಹೆಸರಿದೆ, ನಾಯಿಗೂ ಹೆಸರು ಬಂತು. ನಾಯಿಯನ್ನು ತಲೆತಲಾಂತರದಿಂದ ಸಾಕಿ, ಓಡದ ಮರಿಯನ್ನು ಬಿಟ್ಟು ಓಡುವ ಮರಿಯನ್ನು ಉಳಿಸಿಕೊಂಡು ತಳಿ ರೂಪಿಸಿದವರು ಮಾತ್ರ "ಸ್ಥಳೀಯ ಜನ". ಸ್ಕಾಟ್ಲೆಂಡಿನ ಕಥೆಯೂ ಬೇರೆಯಲ್ಲ. ಸೆಟ್ಟರ್‌ಗಳಲ್ಲಿ ಕಪ್ಪು-ಕಂದು ಬಣ್ಣದ ಒಂದು ತಳಿಗೆ ಗಾರ್ಡನ್ ಸೆಟ್ಟರ್ ಅಂತ ಹೆಸರು. ಗಾರ್ಡನ್ ಅಂದರೆ ಅಲ್ಲಿನ ಒಬ್ಬ ಡ್ಯೂಕ್. ಅವನ ನಾಯಿಗೆ ಚಳಿಯಲ್ಲಿ ಕೂಳು ಹಾಕಿ ಕಲಿಸಿದ ಆಳಿನ ಹೆಸರನ್ನು ಯಾವ ತಳಿಗೂ ಇಟ್ಟಿಲ್ಲ.

ನಾವು ಬೇಡರು. ನಮ್ಮೂರಿಂದ ಹೊಳೆ ದಾಟಿದರೆ ಯಾದಗಿರಿ ಜಿಲ್ಲೆ, ಅಲ್ಲಿ ಸುರಪುರ. ಬೇಡ ನಾಯಕರ ರಾಜ್ಯ ಆಳಿದ ನೆಲ ಅದು. 1705ರಲ್ಲಿ ಔರಂಗಜೇಬ್ ಖುದ್ದು ಬಂದು ಮುತ್ತಿಗೆ ಹಾಕಿದ ವಾಗಿಣಗೇರಾ ಕೋಟೆ ಇರೋದೂ ಅಲ್ಲೇ. ಇನ್ನು ಮುಧೋಳ ತಾಲೂಕಿನ ಹಲಗಲಿಯ ಕಥೆ ನೀವು ಶಾಲೆಯಲ್ಲಿ ಓದಿರ್ತೀರಿ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು, ಹಲವರನ್ನು ಗಲ್ಲಿಗೇರಿಸಿತು. ಅದನ್ನು ನಾವು ಸ್ವಾತಂತ್ರ್ಯ ಹೋರಾಟ ಅಂತ ಓದ್ತೀವಿ, ಸರಿಯೇ. ಆದರೆ ಅವರ ಕೈಯಲ್ಲಿದ್ದ ಆಯುಧ ಅವರ ಹೊಟ್ಟೆಪಾಡು ಕೂಡ ಆಗಿತ್ತು ಅನ್ನೋದನ್ನು ಮರೀತೀವಿ. ಒಂದೇ ತಾಲೂಕು ಎರಡು ವಿಷಯಕ್ಕೆ ಹೆಸರುವಾಸಿ: ಬೇಟೆ ನಾಯಿಗೆ, ಮತ್ತು ಆಯುಧ ಕೊಡಲ್ಲ ಅಂದ ಬೇಟೆಗಾರರಿಗೆ. ಇವೆರಡನ್ನೂ ಒಂದೇ ಪಾಠದಲ್ಲಿ ಯಾರೂ ಹೇಳಿಕೊಡಲ್ಲ.

ನಾಯಿಯ ಬಡ್ತಿ

ಸ್ವಾತಂತ್ರ್ಯದ ನಂತರ ನಾಯಿ ಮೇಲೆ ಹೋಗುತ್ತಲೇ ಇದೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿ ತಳಿಗಳ ಅಂಚೆಚೀಟಿ ತಂದಾಗ ಮುಧೋಳ ನಾಯಿ ಅದರಲ್ಲಿ ಒಂದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ, ಬೀದರಿನ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಶ್ವಾನ ಸಂಶೋಧನಾ ಕೇಂದ್ರ ಇದೆ. ಅಲ್ಲಿಂದ ಮರಿಗಳು ಸೇನೆಗೆ ಹೋದವು. 2018ರ ಮೇ ತಿಂಗಳ ಚುನಾವಣಾ ಪ್ರಚಾರದಲ್ಲಿ ಪ್ರಧಾನಿ ನರೇಂದ್ರ ಮೋದಿ ಜಮಖಂಡಿಯಲ್ಲಿ ನಿಂತು, ಕಾಂಗ್ರೆಸ್‌ನವರು ಮುಧೋಳ ನಾಯಿಗಳಿಂದಾದರೂ ದೇಶಭಕ್ತಿ ಕಲಿಯಲಿ ಅಂದರು. 2020ರ ಆಗಸ್ಟ್‌ನ 'ಮನ್ ಕೀ ಬಾತ್'ನಲ್ಲಿ ಮತ್ತೆ ಅದರ ಹೆಸರು ಬಂತು. 2021ರಲ್ಲಿ ತಿಮ್ಮಾಪುರದ ಮರಿಗಳು ವಾಯುಪಡೆ ಸೇರಿದವು. ಕೆಲಸ ಏನು ಗೊತ್ತಾ? ರನ್‌ವೇ ಮೇಲೆ ಬರುವ ಹಕ್ಕಿಗಳನ್ನು ಓಡಿಸೋದು.

ನಾಯಿ ವಿಮಾನ ನಿಲ್ದಾಣದಲ್ಲಿ ಹಕ್ಕಿ ಬೆನ್ನಟ್ಟಿದರೆ ಸರ್ಕಾರಿ ನೌಕರಿ. ಅದೇ ನಾಯಿಯ ದಾಯಾದಿ ನಮ್ಮ ಬಯಲಲ್ಲಿ ಬೆನ್ನಟ್ಟಿದರೆ?

ನಮ್ಮ ಮಾವನ ಕೇಸು

ಕೆಲವು ವರ್ಷಗಳ ಹಿಂದೆ, ಯುಗಾದಿ ಮುಗಿದ ವಾರ, ನಮ್ಮ ಸೋದರಮಾವ ಮತ್ತು ಮೂವರು ಗೆಳೆಯರು ಎರಡು ನಾಯಿ ಕರ್ಕೊಂಡು ಗುಡ್ಡಕ್ಕೆ ಹೋದರು. ಒಂದು ಮೊಲ ಸಿಕ್ಕಿತು. ವಾಪಸ್ ಬರುವಾಗ ಸಿಕ್ಕಿಬಿದ್ದರು. ಹಿಡಿದವರು ತಪ್ಪು ಮಾಡಿದರು ಅಂತ ನಾನು ಹೇಳಲ್ಲ. ಕಾನೂನಿನಲ್ಲಿ ಏನಿತ್ತೋ ಅದನ್ನೇ ಮಾಡಿದರು. ಆದರೆ ಆಮೇಲಿನ ವಾಯಿದೆಗಳು, ವಕೀಲರ ಫೀಸು, ಪ್ರತಿ ಸಲ ಕಳೆದುಕೊಂಡ ಕೂಲಿ, ಮಾರಿದ ಎಂಟು ಕುರಿ, ಇದೆಲ್ಲ ಸೇರಿದರೆ ಆ ಮೊಲ ನಮ್ಮ ಮನೆತನ ತಿಂದ ಅತ್ಯಂತ ತುಟ್ಟಿ ಊಟ. ಅದನ್ನೂ ತಿನ್ನಲಿಲ್ಲ, ಅದು ಸಾಕ್ಷಿಯಾಗಿ ಹೋಯ್ತು. ನಾಯಿಯನ್ನು ಮಾವ ಯಾರಿಗೋ ಕೊಟ್ಟುಬಿಟ್ಟ. ಆಮೇಲೆ ನಮ್ಮ ಮನೆಯಲ್ಲಿ ನಾಯಿ ಸಾಕಿಲ್ಲ.

ಈ ಕಾನೂನಿನ ಹಿನ್ನೆಲೆ ತಿಳ್ಕೊಳ್ಳಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆಗ ಬೇಟೆ ಪೂರ್ತಿ ನಿಷೇಧ ಆಗಿರಲಿಲ್ಲ. ಸಣ್ಣ ಬೇಟೆ, ದೊಡ್ಡ ಬೇಟೆ ಅಂತ ಲೈಸೆನ್ಸ್ ಸಿಗ್ತಿತ್ತು. ಅರ್ಜಿ ಬರೆಯಲು ಬರುವವರು, ಫೀಸು ಕಟ್ಟುವವರು, ಕೋವಿ ಇರುವವರು ಕಾನೂನಿನ ಒಳಗೇ ಬೇಟೆ ಆಡಬಹುದಿತ್ತು. ನಾಯಿ, ಬಲೆ, ಬಡಿಗೆ ಇದ್ದವನಿಗೆ ಕಾಗದದ ದಾರಿ ಗೊತ್ತಿರಲಿಲ್ಲ. 1991ರ ತಿದ್ದುಪಡಿ ಆ ಲೈಸೆನ್ಸ್‌ಗಳನ್ನು ತೆಗೆದುಹಾಕಿತು. ಒಳ್ಳೆಯದೇ ಆಯ್ತು. ಬೇಟೆ ಅಂದರೆ ಕೊಲ್ಲೋದು ಮಾತ್ರ ಅಲ್ಲ. ನಾಯಿ ಬಿಟ್ಟು ಅಟ್ಟೋದು, ಬಲೆ ಹಾಕೋದು, ಎಬ್ಬಿಸಿ ಓಡಿಸೋದು, ಅದಕ್ಕೆ ಪ್ರಯತ್ನ ಮಾಡೋದು ಎಲ್ಲವೂ ಕಾಯ್ದೆಯ ಪ್ರಕಾರ ಬೇಟೆಯೇ. 2022ರ ತಿದ್ದುಪಡಿ ಪಟ್ಟಿಗಳನ್ನು ಬದಲಿಸಿ ದಂಡವನ್ನೂ ಏರಿಸಿತು. ಈಗ ಮೊಲ ಹಿಡಿದವರಿಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಇದೇ ಕಾಲದಲ್ಲಿ ಮೊಲದ ಮನೆ ಏನಾಯ್ತು? ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ದೇವದುರ್ಗ ತಾಲೂಕಿನ ಎಷ್ಟೋ ಬಯಲು ಭತ್ತದ ಗದ್ದೆ ಆಯ್ತು. ನೀರು ಬಂದದ್ದು ಬೇಡ ಅಂತ ಯಾವ ರೈತನೂ ಹೇಳಲ್ಲ, ನಾನೂ ಹೇಳಲ್ಲ. ಆದರೆ ಕುರುಚಲು ಗುಡ್ಡ ಅಗೆದು ಕಲ್ಲು ತೆಗೆಯೋಕೆ ಪರವಾನಗಿ ಸಿಗುತ್ತೆ. ಕೌಜುಗ ಮೊಟ್ಟೆ ಇಡುವ ಬಯಲನ್ನು ಸರ್ಕಾರಿ ಕಾಗದದಲ್ಲಿ "ಪಾಳು ಭೂಮಿ" ಅಂತ ಬರೀತಾರೆ. ಒಂದು ಮೊಲ ಕೊಂದವನ ಮೇಲೆ ಕೇಸಿದೆ, ಮೊಲದ ಗುಡ್ಡವನ್ನೇ ಇಲ್ಲವಾಗಿಸಿದವರ ಮೇಲೆ ಇಲ್ಲ.

ಹಾಗಾದರೆ ಬೇಟೆ ಬೇಕಾ?

ಬೇಡ. ಇದನ್ನು ನೇರವಾಗಿ ಹೇಳಿಬಿಡ್ತೀನಿ. ಈಗ ಉಳಿದಿರುವಷ್ಟು ಬಯಲಿನಲ್ಲಿ ಪ್ರತಿ ಊರಿನವರೂ ಹಬ್ಬಕ್ಕೊಮ್ಮೆ ನಾಯಿ ಬಿಟ್ಟರೆ ಹತ್ತು ವರ್ಷಕ್ಕೆ ಏನೂ ಉಳಿಯಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲು ರಾಯಚೂರಿಗೆ ದೂರವಲ್ಲ. ಅಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರಲಾಡು ಹಕ್ಕಿಗೆ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗೆ, ಅಡ್ಡಾಡುವ ನಾಯಿಗಳೂ ಒಂದು ಅಪಾಯವೇ. "ನಮ್ಮ ಸಂಪ್ರದಾಯ" ಅಂತ ಎದೆ ತಟ್ಟಿಕೊಂಡರೆ ಹಕ್ಕಿ ಬದುಕಲ್ಲ.

ಸ್ಕಾಟ್ಲೆಂಡಿನ ಗುಡ್ಡಗಳೂ ಸ್ವರ್ಗವಲ್ಲ. ದೊಡ್ಡ ಎಸ್ಟೇಟುಗಳ ಒಡೆಯರ ನೆಲ ಅದು. ಗ್ರೌಸ್ ಉಳಿಸೋಕೆ ಅಂತ ಗಿಡಗಗಳನ್ನು ಅಕ್ರಮವಾಗಿ ಕೊಲ್ಲುವ ಆರೋಪ ಅಲ್ಲಿ ಹಳೆಯದು. ಅದಕ್ಕೇ 2024ರಲ್ಲಿ ಅಲ್ಲಿನ ಸಂಸತ್ತು ಗ್ರೌಸ್ ಬೇಟೆಯ ಗುಡ್ಡಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾಯ್ದೆ ತಂದಿತು. ನಾಯಿ ಬಿಟ್ಟು ಮೊಲ ಅಟ್ಟುವ ಸ್ಪರ್ಧೆ ಇಂಗ್ಲೆಂಡಿನಲ್ಲಿ 1836ರಿಂದ ವಾಟರ್ಲೂ ಕಪ್ ಅನ್ನೋ ಹೆಸರಲ್ಲಿ ನಡೀತಿತ್ತು. 2004ರ ಕಾಯ್ದೆಯಿಂದ 2005ಕ್ಕೆ ನಿಂತಿತು. ಶ್ರೀಮಂತರ ಆಟವನ್ನೂ ನಿಲ್ಲಿಸಬಹುದು ಅನ್ನೋದಕ್ಕೆ ಅದು ಉದಾಹರಣೆ.

ಹಾಗಾಗಿ ನನ್ನ ಪ್ರಶ್ನೆ ಬೇಟೆ ಬೇಕೋ ಬೇಡವೋ ಅನ್ನೋದಲ್ಲ. ಅಲ್ಲಿನವರು ಕೊಲ್ಲೋದನ್ನೂ ಕೌಶಲವನ್ನೂ ಬೇರೆ ಬೇರೆ ಮಾಡಿ, ಕೌಶಲಕ್ಕೆ ಒಂದು ಜಾಗ ಉಳಿಸಿಕೊಂಡರು. ಇಲ್ಲಿ ಎರಡನ್ನೂ ಒಂದೇ ಗಂಟು ಕಟ್ಟಿ ಎಸೆದೆವು. ಎಸೆಯುವಾಗ ನಾಯಿಯನ್ನು ಮಾತ್ರ ಎತ್ತಿ ಪಕ್ಕಕ್ಕೆ ಇಟ್ಟುಕೊಂಡೆವು.

ಏನು ಮಾಡಬಹುದು?

ಒಂದು, ಓಟ. ಕಣ್ಣಿನ ನಾಯಿಗೆ ಜೀವಂತ ಮೊಲ ಬೇಕಿಲ್ಲ. ಯಂತ್ರ ಎಳೆಯುವ ಬಟ್ಟೆಯ ತುಂಡನ್ನು ಅಟ್ಟಿಸಿಕೊಂಡು ಹೋಗುವ ಸ್ಪರ್ಧೆಗಳು ಬೇರೆ ದೇಶಗಳಲ್ಲಿ ಮಾಮೂಲಿ. ಅದಕ್ಕೆ ನಿಯಮ, ಪಶುವೈದ್ಯರ ತಪಾಸಣೆ, ವಯಸ್ಸಿನ ಮಿತಿ ಇಟ್ಟು ನಮ್ಮ ಜಾತ್ರೆಗಳಲ್ಲೂ ಮಾಡಬಹುದು. "ಕಾನೂನು ಬಿಡಲ್ಲ" ಅನ್ನಬೇಡಿ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ನಿಲ್ಲುವ ಸ್ಥಿತಿ ಬಂದಾಗ ಕರ್ನಾಟಕ ವಿಧಾನಸಭೆ ಕಾಯ್ದೆಗೇ ತಿದ್ದುಪಡಿ ತಂದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಕೋಣ ಓಡಿಸುವವರ ಪರವಾಗಿ ಎಲ್ಲ ಪಕ್ಷದವರೂ ನಿಂತರು. ಬಟ್ಟೆ ತುಂಡಿನ ಹಿಂದೆ ನಾಯಿ ಓಡಿಸೋದು ಅದಕ್ಕಿಂತ ಸುಲಭದ ಕೆಲಸ.

ಎರಡು, ಎಣಿಕೆ. ಬ್ರಿಟನ್ನಿನಲ್ಲಿ ಗ್ರೌಸ್ ಎಷ್ಟಿವೆ ಅಂತ ಲೆಕ್ಕ ಹಾಕುವ ಸಂಶೋಧಕರು ಇದೇ ಪಾಯಿಂಟರ್‌ಗಳನ್ನು ಕರ್ಕೊಂಡು ಹೋಗ್ತಾರೆ. ಗಿಡದಡಿ ಕೂತ ಹಕ್ಕಿ ಮನುಷ್ಯನ ಕಣ್ಣಿಗೆ ಕಾಣಲ್ಲ, ನಾಯಿಯ ಮೂಗಿಗೆ ಸಿಗುತ್ತೆ. ನಮ್ಮಲ್ಲಿ ಆ ಮೂಗಿನ ಕೆಲಸ ಮಾಡ್ತಿದ್ದವರು ಮುತ್ಯಾನಂಥವರು. ಕೌಜುಗ, ಲಾವಕ್ಕಿ, ಮೊಲ, ನರಿ, ತೋಳ ಯಾವ ಹೊತ್ತಿಗೆ ಎಲ್ಲಿರ್ತವೆ ಅಂತ ಅವರಿಗೆ ಗೊತ್ತು. ಸಂಶೋಧನೆಗೆ, ಶಿಕ್ಷಣಕ್ಕೆ ಅನುಮತಿ ಕೊಡುವ ಅವಕಾಶ ವನ್ಯಜೀವಿ ಕಾಯ್ದೆಯಲ್ಲೇ ಇದೆ. ಬಯಲಿನ ಪ್ರಾಣಿಗಳ ಗಣತಿಗೆ ಬೇಡರನ್ನು, ಹರಣಶಿಕಾರಿಗಳನ್ನು ದಿನಗೂಲಿ ಸಹಾಯಕರಾಗಿ ಅಲ್ಲ, ತಿಳಿದವರಾಗಿ ಕರೆಯಿರಿ. ಅವರ ಹೆಸರನ್ನು ವರದಿಯಲ್ಲಿ ಹಾಕಿ.

ಮೂರು, ನೌಕರಿ. ಬಂಡೀಪುರದಲ್ಲಿ ಕಳ್ಳಬೇಟೆ ಪತ್ತೆಗೆ ಹೆಸರು ಮಾಡಿದ ರಾಣಾ ಜರ್ಮನ್ ಶೆಫರ್ಡ್ ನಾಯಿ. ನಾಯಿಯ ಮೂಗು ವನ್ಯಜೀವಿ ಉಳಿಸುತ್ತೆ ಅಂತ ಸರ್ಕಾರಕ್ಕೆ ಗೊತ್ತಿದೆ. ಹಾಗಿದ್ದರೆ ನಾಯಿ ಪಳಗಿಸುವ ತರಬೇತಿ, ತಿಮ್ಮಾಪುರದಂಥ ಕೇಂದ್ರಗಳ ಸಾಕಣೆ ಕೆಲಸ, ಇವುಗಳಲ್ಲಿ ಬೇಟೆಗಾರ ಸಮುದಾಯದ ಹುಡುಗ ಹುಡುಗಿಯರಿಗೆ ಮೊದಲ ಅವಕಾಶ ಯಾಕಿರಬಾರದು? ಮುಧೋಳ ಮರಿ ಈಗ ಸಾವಿರಾರು ರೂಪಾಯಿಗೆ ಮಾರಾಟ ಆಗುತ್ತೆ. ಆ ತಳಿಯ ಮೂಲ ಸಾಕಣೆದಾರರಿಗೆ ಅದರಲ್ಲಿ ಪಾಲು ಎಷ್ಟು ಅನ್ನೋ ಪ್ರಶ್ನೆಯನ್ನು ಯಾರಾದರೂ ಸದನದಲ್ಲಿ ಕೇಳಲಿ.

ಇನ್ನೊಂದು ಮಾತು. ಬ್ರಿಟನ್ನಿನ ಕೆನೆಲ್ ಕ್ಲಬ್ ನಿಯಮದ ಪ್ರಕಾರ ಪಾಯಿಂಟರ್, ಸೆಟ್ಟರ್‌ಗಳು ಬರೀ ಚೆಂದ ಇದ್ದರೆ "ಶೋ ಚಾಂಪಿಯನ್" ಆಗಬಹುದು. ಪೂರ್ತಿ "ಚಾಂಪಿಯನ್" ಅನ್ನಿಸಿಕೊಳ್ಳೋಕೆ ಬಯಲಿನಲ್ಲಿ ಕೆಲಸವನ್ನೂ ತೋರಿಸಬೇಕು. ನಮ್ಮ ಮುಧೋಳ ನಾಯಿ ಈಗ ಶ್ವಾನ ಪ್ರದರ್ಶನಗಳಲ್ಲಿ ರಿಬ್ಬನ್ ಕಟ್ಟಿಸಿಕೊಂಡು ನಿಲ್ಲುತ್ತೆ. ಓಡದ, ಬರೀ ಚೆಂದದ ನಾಯಿಗಳನ್ನೇ ಆರಿಸುತ್ತಾ ಹೋದರೆ ನಾಲ್ಕು ತಲೆಮಾರಿಗೆ ಆ ನಾಯಿಯೊಳಗಿನ ನಾಯಿ ಸಾಯುತ್ತೆ. ಬೇಡರು ಉಳಿಸಿದ್ದು ಬಣ್ಣವನ್ನಲ್ಲ, ಓಟವನ್ನು.

ವಿಡಿಯೋ ಮುಗಿಯಿತು. ಗೆದ್ದ ನಾಯಿಯ ಒಡೆಯನಿಗೆ ಬೆಳ್ಳಿ ಕಪ್ಪು ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು. ಮುತ್ಯಾ ಮೊಬೈಲನ್ನು ನನ್ನ ಕೈಗೆ ವಾಪಸ್ ಕೊಟ್ಟು ಕೇಳಿದ:

"ಅವರ ಊರಾಗ ನಾಯಿ ಹಿಡ್ಕೊಂಡು ಗುಡ್ಡಕ್ಕ ಹೋದ್ರ ಕಪ್ ಕೊಡ್ತಾರ. ನಿಮ್ಮ ಮಾವಗ ಮುಂದಿನ ವಾಯಿದೆ ಯಾವಾಗ ಐತಿ?"

ನಾನು ತಾರೀಖು ಹೇಳಿದೆ. ಅವನು ಎದ್ದು ನೀರು ಕುಡಿಯೋಕೆ ಒಳಗೆ ಹೋದ.